ಎನ್ನೆಸ್ಸೆಸ್, ಎನ್‌ಸಿಸಿ, ರೆಡ್ ಕ್ರಾಸ್: ಯಾವುದಕ್ಕೆ ಹೆಸರು ಕೊಡಲಿ? ಮನೇಲಿ ಬೇಡ ಅಂತಾರೆ

ಬಸ್‌ಪಾಸ್_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಮೊದಲ ವರ್ಷ. ಕ್ಲಾಸು ಶುರುವಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನೋಟಿಸ್ ಬೋರ್ಡಿನಲ್ಲಿ ಜಾಗ ಇಲ್ಲ. ಎನ್ನೆಸ್ಸೆಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆ) ಹೆಸರು ಕೊಡಿ, ಎನ್‌ಸಿಸಿ ಆಯ್ಕೆ ಶನಿವಾರ, ಯೂತ್ ರೆಡ್ ಕ್ರಾಸ್, ರೋವರ್ಸ್-ರೇಂಜರ್ಸ್ (ಸ್ಕೌಟ್ಸ್-ಗೈಡ್ಸ್‌ನ ಕಾಲೇಜು ವಿಭಾಗ), ಕಾಮರ್ಸ್ ಫೋರಂ, ಸಾಂಸ್ಕೃತಿಕ ಸಮಿತಿ, ಒಂದೊಂದಕ್ಕೆ ಒಂದೊಂದು ಕೊನೇ ದಿನಾಂಕ. ಇದರ ಜೊತೆಗೆ ಗೇಟಿನ ಹತ್ತಿರ ನಿಲ್ಲೋ ಸೀನಿಯರ್‌ಗಳು ತಮ್ಮದೊಂದು ಸಂಘಟನೆಗೆ ಸದಸ್ಯತ್ವ ಮಾಡಿಸ್ಕೊಳ್ಳಿ ಅಂತ ದಿನಾ ಬೆನ್ನು ಹತ್ತುತ್ತಾರೆ. ಫೋನ್ ನಂಬರ್ ಕೊಡೋವರೆಗೂ ಬಿಡಲ್ಲ.

ಏನಾದರೂ ಮಾಡಬೇಕು ಅಂತ ನನಗೆ ಆಸೆ ಇದೆ. ಪಿಯುಸಿ ಎರಡು ವರ್ಷ ಕ್ಲಾಸು, ಟ್ಯೂಷನ್, ಮನೆ ಇಷ್ಟರಲ್ಲೇ ಕಳೆದುಹೋಯಿತು. ಆದರೆ ನಾನು ಹಳ್ಳಿಯಿಂದ ಬಸ್ಸಲ್ಲಿ ಬರೋಳು, ಸಂಜೆ ಬಸ್ಸು ತಪ್ಪಿದರೆ ಆಮೇಲೆ ತುಂಬ ಕಷ್ಟ. ಎನ್ನೆಸ್ಸೆಸ್ ಅಂದರೆ ಕಾಲೇಜು ಗುಡಿಸೋದು, ಅತಿಥಿಗಳು ಬಂದಾಗ ಕುರ್ಚಿ ಹಾಕೋದು ಅಷ್ಟೇ ಅಂತ ಸೀನಿಯರ್ ಅಕ್ಕ ಒಬ್ಬರು ನಗಾಡಿದರು. ಅಪ್ಪ ಸುಮ್ಮನಿದ್ದಾರೆ. ಅಮ್ಮ ಮಾತ್ರ ‘ರಾತ್ರಿ ಉಳಿಯೋ ಕ್ಯಾಂಪು ಗೀಂಪು ಏನೂ ಬೇಡ, ಓದೋಕೆ ಕಳಿಸಿರೋದು’ ಅಂತಿದ್ದಾರೆ. ಇನ್ನೊಂದು ವಿಷಯ, ನನಗೆ ಸ್ಟೇಜ್ ಅಂದರೆ ಕೈಕಾಲು ನಡುಗುತ್ತೆ. ಮೈಕ್ ಹಿಡಿಯೋಕೆ ಬರದವರಿಗೆ ಇಂಥಲ್ಲಿ ಕೆಲಸ ಏನಾದರೂ ಇರುತ್ತಾ? ಇಂಟರ್ನಲ್ಸ್ ಹಾಳಾಗದ ಹಾಗೆ ಯಾವುದನ್ನು ಆರಿಸಿಕೊಳ್ಳಲಿ? ಎರಡು ಮೂರಕ್ಕೆ ಹೆಸರು ಕೊಟ್ಟು ಆಮೇಲೆ ನೋಡಿದರೆ ಆಗಲ್ವಾ?

ಹಾಜರಿಪುಸ್ತಕ

ಮೊದಲು ಗೇಟಿನವರ ವಿಷಯ ಮುಗಿಸಿಬಿಡೋಣ. ನಾಳೆ ಅವರು ಎದುರಾದಾಗ ಎರಡೇ ಪ್ರಶ್ನೆ ಕೇಳಿ. ಕಳೆದ ತಿಂಗಳು ನೀವು ಏನು ಮಾಡಿದಿರಿ? ಅದರ ಖರ್ಚು ಯಾರು ಕೊಟ್ಟರು? ಉತ್ತರದಲ್ಲಿ ಬರೀ ಉದ್ಘಾಟನೆ, ಜಯಂತಿ, ಫ್ಲೆಕ್ಸು, ಫೋಟೋ ಇವೇ ಬಂದರೆ ನಿಮ್ಮ ಬಸ್ಸಿನ ಟೈಮ್ ಆಯಿತು ಅಂತ ಹೊರಡಿ. ಎರಡನೇ ಪ್ರಶ್ನೆಗೆ ಮುಖ ಮುಖ ನೋಡಿಕೊಂಡರಂತೂ ಸರಿಯೇ ಸರಿ. ರಾಜಕೀಯದಲ್ಲಿ ಆಸಕ್ತಿ ಇದ್ದು, ತಿಳಿದು ಸೇರೋರ ಬಗ್ಗೆ ನನಗೆ ತಕರಾರಿಲ್ಲ. ಬೆನ್ನು ಬಿಡಲಿ ಅಂತ ಸೇರಬೇಡಿ ಅಷ್ಟೇ. ಇದೇ ಎರಡು ಪ್ರಶ್ನೆಯನ್ನು ಕಾಲೇಜಿನ ಅಧಿಕೃತ ಘಟಕಗಳಿಗೂ ಕೇಳಬಹುದು. ಕೇಳಲೇಬೇಕು. ಒಂದು ಕಾಲೇಜಿನಲ್ಲಿ ಎನ್ನೆಸ್ಸೆಸ್ ಜೀವಂತ ಇರುತ್ತೆ, ರೆಡ್ ಕ್ರಾಸ್ ಬೋರ್ಡಿನ ಮೇಲಷ್ಟೇ ಇರುತ್ತೆ. ಪಕ್ಕದ ಕಾಲೇಜಿನಲ್ಲಿ ಅದು ಉಲ್ಟಾ.

ನಾನು ಡಿಗ್ರಿಯಲ್ಲಿ ಎನ್ನೆಸ್ಸೆಸ್‌ನಲ್ಲಿದ್ದವಳು. ಈಗ ಲೆಕ್ಕಪತ್ರದ ಕೆಲಸ. ನಿಮ್ಮ ಸೀನಿಯರ್ ಅಕ್ಕ ಹೇಳಿದ ಕುರ್ಚಿ ಕಥೆ ಪೂರ್ತಿ ಸುಳ್ಳಲ್ಲ, ಹಾಗೆ ನಡೆಸೋ ಕಡೆ ಹಾಗೇ ನಡೆಯುತ್ತೆ. ಆದರೆ ನಿಯಮ ಹಾಗಿಲ್ಲ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಆ 120ರಲ್ಲಿ ಸುಮಾರು 20 ಗಂಟೆ ಪರಿಚಯ-ತರಬೇತಿಗೆ, ಕಾಲೇಜು ಆವರಣದ ಕೆಲಸಕ್ಕೆ 30, ಉಳಿದ 70 ಹೊರಗೆ, ಊರಿನಲ್ಲಿ, ಜನರ ಮಧ್ಯೆ. ಗುಡಿಸೋದೇ ಎನ್ನೆಸ್ಸೆಸ್ ಅಂದವರಿಗೆ ಉಳಿದ ಎಪ್ಪತ್ತು ಗಂಟೆ ಎಲ್ಲಿ ಹೋಯಿತು ಅಂತ ಕೇಳಿ. ರಜೆ, ಪರೀಕ್ಷೆ ಕಳೆದು ವರ್ಷಕ್ಕೆ ಮೂವತ್ತು ವಾರ ಸಿಗುತ್ತೆ ಅಂದುಕೊಳ್ಳಿ, ವಾರಕ್ಕೆ ನಾಲ್ಕು ಗಂಟೆ ಆಯಿತು. ಒಂದು ಶನಿವಾರದ ಮಧ್ಯಾಹ್ನ. ಇದರಿಂದ ಇಂಟರ್ನಲ್ಸ್ ಹಾಳಾಗಲ್ಲ. ಹಾಳಾಗೋದು ಮೂರು ಕಡೆ ಹೆಸರು ಕೊಟ್ಟು ಮೂರೂ ಕಡೆ ವಾರ್ಷಿಕೋತ್ಸವಕ್ಕೆ ಓಡಾಡೋದರಿಂದ. ಆದ್ದರಿಂದ ನಿಮ್ಮ ಕೊನೇ ಪ್ರಶ್ನೆಗೆ ನನ್ನ ಉತ್ತರ: ಆಗಲ್ಲ. ಒಂದನ್ನೇ ಹಿಡೀರಿ.

ಇನ್ನು ಮೈಕಿನ ಭಯ. ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದರೆ ಈ ಭಯದಿಂದಲೇ ಒಳ್ಳೊಳ್ಳೆಯವರು ಹಿಂದೆ ಉಳೀತಾರೆ. ಕಾಲೇಜಲ್ಲಿ ಸ್ವಯಂಸೇವೆ ಅಂದರೆ ನಿರೂಪಣೆ, ಸ್ವಾಗತ, ವಂದನಾರ್ಪಣೆ ಅಂತ ಎಲ್ಲರೂ ತಿಳ್ಕೊಂಡುಬಿಟ್ಟಿದ್ದಾರೆ. ಅದಕ್ಕೆ ಜನ ಸಾಲು ನಿಂತಿರ್ತಾರೆ, ನಿಮ್ಮ ಅಗತ್ಯ ಅಲ್ಲಿಲ್ಲ. ಜನ ಸಿಗದೇ ಇರೋದು ಪುಸ್ತಕ ಹಿಡಿಯೋ ಕೆಲಸಕ್ಕೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವ ಕೆಲಸ, ಎಷ್ಟು ಗಂಟೆ, ಏನೇನು ಸಾಮಾನು ತಂದೆವು, ಯಾರಿಂದ ತಂದೆವು, ವಾಪಸ್ ಕೊಟ್ಟೆವಾ. ಸೇರಿದ ಮೊದಲ ವಾರವೇ ಕಾರ್ಯಕ್ರಮಾಧಿಕಾರಿ (ಘಟಕ ನೋಡಿಕೊಳ್ಳೋ ಮೇಷ್ಟ್ರು, ಪಿಒ) ಹತ್ತಿರ ಹೋಗಿ ‘ಸರ್, ಹಾಜರಿ ಪುಸ್ತಕ ನಾನು ನೋಡ್ಕೊಳ್ತೀನಿ’ ಅನ್ನಿ. ಬೇಡ ಅನ್ನೋ ಪಿಒ ಈ ರಾಜ್ಯದಲ್ಲಿ ಇರಲಿಕ್ಕಿಲ್ಲ.

ಅದರಿಂದ ಏನು ಸಿಗುತ್ತೆ ಅಂದರೆ, ಉದಾಹರಣೆಗೆ ನಮ್ಮ ಶಿಬಿರ. ಚರಂಡಿ ಹೂಳು ತೆಗೆಯೋ ಶ್ರಮದಾನ, ಕಾಲೇಜಿನ ಗುದ್ದಲಿ ಸಾಲಲಿಲ್ಲ, ಊರಿನ ಮನೆಗಳಿಂದ ಗುದ್ದಲಿ, ಸಲಿಕೆ, ಬಾಣಲಿ ಎರವಲು ತಂದೆವು. ಸಂಜೆ ಕೆಲಸ ಮುಗಿದ ಮೇಲೆ ಎಲ್ಲವನ್ನೂ ಶಾಲೆ ಜಗಲಿ ಮೇಲೆ ರಾಶಿ ಹಾಕಿದರೆ ಎಲ್ಲಾ ಗುದ್ದಲಿಯೂ ಒಂದೇ ಥರ. ರೈತರಿಗೆ ಮಾತ್ರ ಹಾಗಲ್ಲ. ಕಾವು (ಗುದ್ದಲಿಯ ಹಿಡಿ) ಕೈಗೆ ಹೊಂದಿಕೊಂಡಿರುತ್ತೆ, ಬೇರೆಯವರದ್ದು ಕೊಟ್ಟರೆ ಎತ್ತಿ ನೋಡಿದ ಕೂಡಲೇ ‘ಇದು ನಮ್ಮದಲ್ಲ’ ಅಂತಾರೆ. ನಾನು ಬೆಳಿಗ್ಗೆಯೇ ಪ್ರತಿ ಕಾವಿಗೂ ದಾರದಲ್ಲಿ ರಟ್ಟಿನ ಚೂರು ಕಟ್ಟಿ, ಮನೆ ಯಜಮಾನರ ಹೆಸರು ಬರೆದು, ಪುಸ್ತಕದಲ್ಲೂ ಅದೇ ಹೆಸರಿನ ಎದುರು ಸಾಮಾನು ಬರೆದಿಟ್ಟಿದ್ದೆ. ಸಂಜೆ ಮನೆಮನೆಗೆ ಹೋಗಿ ವಾಪಸ್ ಕೊಡೋದೂ ನನ್ನ ಪಾಲಿಗೇ ಬಂತು. ಊರಿನ ಯಾವ ಮನೇಲಿ ಯಾರಿದ್ದಾರೆ ಅನ್ನೋದು ವೇದಿಕೆ ಮೇಲೆ ಭಾಷಣ ಮಾಡಿದ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ಹಾಗೆ ಸಲಿಕೆ ಕೊಡೋಕೆ ಹೋದ ಒಂದು ಮನೆಯಲ್ಲೇ ಒಬ್ಬರು ಅಜ್ಜಿ ಒಂದು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟರು, ‘ಓದಿದವಳಲ್ವೇನವ್ವ, ಇದೇನು ನೋಡು’ ಅಂತ. ಆಧಾರ್ ಕಾರ್ಡು, ಮತದಾರರ ಚೀಟಿ, ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಧ ತುಂಬಿದ ಅರ್ಜಿ. ಎರಡು ಕಾಗದದಲ್ಲಿ ಹುಟ್ಟಿದ ವರ್ಷ ಬೇರೆ ಬೇರೆ. ಆ ಯೋಜನೆ 65 ದಾಟಿದವರಿಗೆ, ಒಂದು ಕಾಗದದ ಪ್ರಕಾರ ಅವರಿಗೆ ವಯಸ್ಸು ತುಂಬಿದೆ, ಇನ್ನೊಂದರ ಪ್ರಕಾರ ಇಲ್ಲ. ಶಿಬಿರ ಮುಗಿದ ಮೇಲೆ ನಾನು ಮತ್ತು ನನ್ನ ಕ್ಲಾಸ್‌ಮೇಟ್ ಒಬ್ಬಳು ಮತ್ತೆ ಹೋಗಿ, ಯಾವುದನ್ನು ತಿದ್ದಿಸಬೇಕು ಅಂತ ವಿಚಾರಿಸಿ, ನಾಡಕಚೇರಿಗೆ ಅವರ ಮಗನ ಜೊತೆ ಓಡಾಡಿ ಅರ್ಜಿ ಹಾಕಿಸಿದೆವು. ಮಂಜೂರಾಯಿತು. ಶಿಬಿರದ ವರದಿಯಲ್ಲಿ ಅದು ಬರಲೇ ಇಲ್ಲ, ವರದಿ ಆಗಲೇ ಕಳಿಸಿಯಾಗಿತ್ತು. ಸಮಾರೋಪದ ದಿನ ಅತಿಥಿಗಳಿಗೆ ಹಾಕಿದ ಹಾರಗಳ ಫೋಟೋ ಮಾತ್ರ ಅದರಲ್ಲಿ ಚೆನ್ನಾಗಿ ಬಂದಿದ್ದವು.

ಅಮ್ಮನ ವಿಷಯ. ಅವರ ಭಯಕ್ಕೆ ಕಾರಣ ಇದೆ, ವಾದ ಮಾಡಬೇಡಿ. ಶಿಬಿರ ಬರೋದು ಇನ್ನೂ ತಡವಾಗಿ, ಮೊದಲು ಶನಿವಾರದ ಕೆಲಸಕ್ಕೆ ಹೋಗಿ ಹೊತ್ತಿಗೆ ಸರಿಯಾಗಿ ಮನೆಗೆ ಬರ್ತಾ ಇರಿ. ಶಿಬಿರದ ಹೊತ್ತಿಗೆ ಅವರನ್ನೇ ಕಾಲೇಜಿಗೆ ಕರ್ಕೊಂಡು ಬಂದು ಪಿಒ ಹತ್ತಿರ ಮಾತಾಡಿಸಿ. ಹುಡುಗಿಯರು ಎಲ್ಲಿ ಮಲಗ್ತಾರೆ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಶೌಚಾಲಯ ಎಲ್ಲಿ, ಜೊತೆಗೆ ಯಾವ ಮೇಡಂ ಉಳೀತಾರೆ, ಇವನ್ನು ಅಮ್ಮನೇ ಕೇಳಲಿ. ಸರಿಯಾದ ಘಟಕ ಆಗಿದ್ದರೆ ಇದಕ್ಕೆಲ್ಲ ಉತ್ತರ ಸಿದ್ಧ ಇರುತ್ತೆ. ಉತ್ತರ ಇಲ್ಲ ಅಂದರೆ ಆ ವರ್ಷ ನೀವೂ ಹೋಗಬೇಡಿ. ಮುಂದಿನ ವರ್ಷವೂ ಶಿಬಿರ ಇರುತ್ತೆ.

ಸಾವಧಾನ್_ವಿಶ್ರಾಮ್

ಎನ್‌ಸಿಸಿ ಕಡೆಯಿಂದ ನಾನೊಂದು ಮಾತು ಸೇರಿಸ್ತೀನಿ, ಇಲ್ಲದಿದ್ದರೆ ಮೇಲಿನ ಅಕ್ಕ ಎಲ್ಲರನ್ನೂ ಎನ್ನೆಸ್ಸೆಸ್‌ಗೇ ಸೇರಿಸಿಬಿಡ್ತಾರೆ.

ಎನ್‌ಸಿಸಿ ಆಮೇಲೆ ನೋಡೋಣ ಅನ್ನೋ ವಿಷಯ ಅಲ್ಲ. ಡಿಗ್ರಿಯಲ್ಲಿ ಸೇರಿದರೆ ಎರಡನೇ ವರ್ಷಕ್ಕೆ ‘ಬಿ’ ಸರ್ಟಿಫಿಕೇಟ್ ಪರೀಕ್ಷೆ, ಮೂರನೇ ವರ್ಷಕ್ಕೆ ‘ಸಿ’. ಮೊದಲ ವರ್ಷ ಬಿಟ್ಟರೆ ‘ಸಿ’ ಕೈತಪ್ಪಿತು ಅಂತಲೇ ಲೆಕ್ಕ. ಪರೇಡ್ ಹಾಜರಾತಿ 75% ಬೇಕು, ಕ್ಯಾಂಪ್ ಮಾಡಿರಬೇಕು. ವಾರ್ಷಿಕ ತರಬೇತಿ ಕ್ಯಾಂಪು ಹತ್ತು ದಿನ, ಮನೆಯಿಂದ ಹೊರಗೇ ಇರಬೇಕು. ಬೆಳಿಗ್ಗೆ ಎದ್ದು ಓಡಬೇಕು, ಬೂಟು ಪಾಲಿಶ್ ಇರಬೇಕು, ಬೆಲ್ಟಿನ ಹಿತ್ತಾಳೆ ಹೊಳೀಬೇಕು. ಇಷ್ಟ ಇದ್ದವರಿಗೆ ಇದಕ್ಕಿಂತ ಖುಷಿ ಇಲ್ಲ, ಇಲ್ಲದವರಿಗೆ ಶಿಕ್ಷೆ.

ಸೇನೆಗೆ ಹೋಗೋ ಆಸೆ ಇದ್ದರೆ ಮಾತ್ರ ಲಾಭ ದೊಡ್ಡದು. ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಡಿಗ್ರಿಯಲ್ಲಿ 50% ಇದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಮೂಲಕ ಸಿಡಿಎಸ್ (ಸೇನಾಧಿಕಾರಿಗಳ ಆಯ್ಕೆಯ) ಲಿಖಿತ ಪರೀಕ್ಷೆ ಬರೆಯದೆಯೇ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿ) ಸಂದರ್ಶನದವರೆಗೆ ಹೋಗೋ ದಾರಿ ಇದೆ. ಹುಡುಗಿಯರಿಗೂ ಇದೆ. ಅಲ್ಲಿಂದ ಮುಂದೆ ನಿಮ್ಮ ಸಾಮರ್ಥ್ಯ, ಎಸ್‌ಎಸ್‌ಬಿಯಲ್ಲಿ ಸರ್ಟಿಫಿಕೇಟ್ ನೋಡಿ ಯಾರನ್ನೂ ತಗೊಳ್ಳಲ್ಲ. ನೀವು ಬರೆದಿರೋದು ನೋಡಿದರೆ ಆ ಹುಚ್ಚು ನಿಮಗಿದ್ದ ಹಾಗೆ ಕಾಣಲ್ಲ. ಇದ್ದಿದ್ದರೆ ಪ್ರಶ್ನೆಯಲ್ಲೇ ‘ಯೂನಿಫಾರಂ’ ಅನ್ನೋ ಮಾತು ಬರ್ತಿತ್ತು.

ಫಲಿತಾಂಶ_ಮುಖ್ಯ

ಸತ್ಯ ಹೇಳ್ತೀನಿ, ಬೇಜಾರಾಗಬೇಡಿ. ಬಿ.ಕಾಂ. ಓದೋರು ಆ ಶನಿವಾರ ಮಧ್ಯಾಹ್ನ ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಕಲಿತರೆ ಕೆಲಸ ಸಿಗುತ್ತೆ. ನಾನು ಹೋದ ಯಾವ ಸಂದರ್ಶನದಲ್ಲೂ ಯಾರೂ ಚರಂಡಿ ತೆಗೆದಿದ್ದೀರಾ ಅಂತ ಕೇಳಿಲ್ಲ. ಸರ್ಟಿಫಿಕೇಟು ಫೈಲಲ್ಲಿ ಹಳದಿ ಆಗ್ತಾ ಇದೆ.

ಹಾಜರಿಪುಸ್ತಕ

ಚರಂಡಿ ತೆಗೆದಿದ್ದೀರಾ ಅಂತ ನನ್ನನ್ನೂ ಯಾರೂ ಕೇಳಲಿಲ್ಲ. ‘ಜನರಿಂದ ಕೆಲಸ ತೆಗೆದ ಅನುಭವ ಇದೆಯಾ, ಸಾಮಾನಿನ ದಾಸ್ತಾನು ನೋಡಿಕೊಂಡಿದ್ದೀರಾ’ ಅಂತ ಕೇಳಿದರು. ಆ ಗುದ್ದಲಿ ಪುಸ್ತಕದ ಕಥೆಯನ್ನೇ ಹೇಳಿದೆ. ಟ್ಯಾಲಿ ಕಲೀರಿ, ಬೇಡ ಅನ್ನಲ್ಲ, ಭಾನುವಾರ ಅಂತ ಇನ್ನೊಂದು ದಿನ ಇದೆಯಲ್ಲ.

ಹಿಂಬದಿಬೆಂಚಿನ_ಮೇಷ್ಟ್ರು

ನಾನು ಕೆಲವು ವರ್ಷ ಎನ್ನೆಸ್ಸೆಸ್ ಕಾರ್ಯಕ್ರಮಾಧಿಕಾರಿಯಾಗಿ ಕೆಲಸ ಮಾಡಿದ ಉಪನ್ಯಾಸಕ. ಮೇಲಿನವರು ಬಿಟ್ಟ ಕೆಲವು ವಿಷಯ ಹೇಳುತ್ತೇನೆ.

ಎನ್‌ಸಿಸಿ ಕೆಡೆಟ್ ಆದವರು ಎನ್ನೆಸ್ಸೆಸ್‌ನಲ್ಲಿ ಇರುವಂತಿಲ್ಲ. ಎನ್ನೆಸ್ಸೆಸ್‌ನಲ್ಲಿ ಇರುವವರು ಎನ್‌ಸಿಸಿಗೂ ಹೋಗುವಂತಿಲ್ಲ. ಇದು ಕಾಲೇಜಿನವರ ಹಟವಲ್ಲ, ಯೋಜನೆಯ ಕೈಪಿಡಿಯಲ್ಲೇ ಇರುವ ನಿಯಮ. ಆದ್ದರಿಂದ ಎರಡಕ್ಕೂ ಹೆಸರು ಕೊಟ್ಟು ನೋಡುವ ಆಲೋಚನೆ ಇದ್ದರೆ ಕೈಬಿಡಿ, ನಡುವರ್ಷದಲ್ಲಿ ನಿಮ್ಮ ಹೆಸರು ಹೊಡೆಯಬೇಕಾದ ಕೆಲಸ ನಮಗೆ ಬರುತ್ತದೆ. ಸಾಮಾನ್ಯವಾಗಿ ಒಂದು ಘಟಕಕ್ಕೆ ನೂರು ಸ್ವಯಂಸೇವಕರು, ಒಬ್ಬ ಕಾರ್ಯಕ್ರಮಾಧಿಕಾರಿ. ಹೆಸರು ಕೊಟ್ಟು ಬಾರದವರು ಬರಲಿಚ್ಛಿಸುವ ಒಬ್ಬರ ಜಾಗ ತಿನ್ನುತ್ತಾರೆ. ನೂರು ಹೆಸರಿನಲ್ಲಿ ಕೆಲಸದ ದಿನ ಮೂವತ್ತು ಜನ ಬಂದರೆ ‘ಇವತ್ತು ಚೆನ್ನಾಗಿ ಬಂದರು’ ಎಂದು ನಾವು ಸಮಾಧಾನಪಟ್ಟ ದಿನಗಳೂ ಇವೆ.

ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್, ಮುಂದೆ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಕಟ್ಟಿದವರು. ಆರಂಭದಲ್ಲಿ ಇದ್ದದ್ದು 37 ವಿಶ್ವವಿದ್ಯಾಲಯ, ಸುಮಾರು 40,000 ವಿದ್ಯಾರ್ಥಿಗಳು. ಅರ್ಥಶಾಸ್ತ್ರಜ್ಞರೊಬ್ಬರು ಆರಂಭಿಸಿದ ಯೋಜನೆಯಲ್ಲಿ ಹಳ್ಳಿಯ ಸಮೀಕ್ಷೆಗೆ ಅಷ್ಟು ಮಹತ್ವ ಇರುವುದು ನನಗೆ ಸಹಜವಾಗಿಯೇ ಕಾಣುತ್ತದೆ. ದುರದೃಷ್ಟಕ್ಕೆ ಶಿಬಿರದಲ್ಲಿ ಮೊದಲು ಕತ್ತರಿ ಬೀಳುವುದೂ ಸಮೀಕ್ಷೆಗೇ. ಶ್ರಮದಾನದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಸಮೀಕ್ಷೆಯ ಹಾಳೆ ಬೀರುವಿನಲ್ಲಿ ಉಳಿಯುತ್ತದೆ. ‘ಹಾಜರಿಪುಸ್ತಕ’ ಅವರು ಅಜ್ಜಿಯ ಕಾಗದದ ಬಗ್ಗೆ ಬರೆದರಲ್ಲ, ಸಮೀಕ್ಷೆಯ ಉದ್ದೇಶವೇ ಅದು.

ಯೂತ್ ರೆಡ್ ಕ್ರಾಸ್ ಎಂದರೆ ಬಹಳ ಕಡೆ ರಕ್ತದಾನ ಶಿಬಿರ ಎಂದೇ ಅರ್ಥವಾಗಿದೆ. ಹೋಗುವ ಮೊದಲು ತಿಳಿದಿರಲಿ: 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ಮೊದಲ ವರ್ಷದವರಲ್ಲಿ ಹದಿನೇಳರವರು ಇರುತ್ತಾರೆ, ಗೆಳೆಯರ ಜೊತೆ ಸಾಲಿನಲ್ಲಿ ನಿಂತುಬಿಡುತ್ತಾರೆ. ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸ್ ಕಳಿಸಿದರೆ ಹುಡುಗಿಯರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದು ಅವಮಾನವಲ್ಲ, ಬಿಟ್ಟಿಯಾಗಿ ಸಿಕ್ಕಿದ ಮಾಹಿತಿ, ಡಾಕ್ಟರಿಗೆ ತೋರಿಸಿಕೊಳ್ಳಿ. ಆ ದಿನ ನೋಂದಣಿ ಮೇಜಿನಲ್ಲಿ ಕುಳಿತು ಫಾರಂ ತುಂಬಿಸುವವರು, ರಕ್ತ ಕೊಟ್ಟು ಎದ್ದವರನ್ನು ಸ್ವಲ್ಪ ಹೊತ್ತು ಕೂರಿಸಿ ಗಮನಿಸುವವರು ಕೂಡ ಬೇಕಾಗುತ್ತಾರೆ.

ಹಾಜರಾತಿ: ಎನ್ನೆಸ್ಸೆಸ್ ಕೆಲಸಕ್ಕೆ ಹೋದ ದಿನದ ಪತ್ರವನ್ನು ಅದೇ ವಾರ ವಿಭಾಗಕ್ಕೆ ಕೊಡಿ. ಸೆಮಿಸ್ಟರಿನ ಕೊನೆಗೆ ಕಂತೆ ತಂದು ಮೇಜಿನ ಮೇಲೆ ಹಾಕಿದರೆ ಯಾವ ಮೇಷ್ಟರಿಗೂ ಒಳ್ಳೆಯ ಮಾತು ಬರುವುದಿಲ್ಲ.

ಬಸ್‌ಪಾಸ್_ಹುಡುಗಿ

ಇಷ್ಟು ಜನ ಬರೀತೀರ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಗೇಟಿನವರಿಗೆ ಆ ಎರಡು ಪ್ರಶ್ನೆ ಕೇಳಿದೆ. ಮೊದಲನೆಯದಕ್ಕೆ ಇನ್‌ಸ್ಟಾಗ್ರಾಂ ಪೇಜ್ ತೋರಿಸಿದರು. ಎರಡನೆಯದಕ್ಕೆ ‘ಅದೆಲ್ಲ ಸೀನಿಯರ್ಸ್ ನೋಡ್ಕೊಳ್ತಾರೆ’ ಅಂದರು. ಬಸ್ಸು ಬಂತು ಅಂತ ಬಂದುಬಿಟ್ಟೆ.

ಎನ್‌ಸಿಸಿ ನನಗಲ್ಲ, ಸರಿಯಾಗಿ ಹೇಳಿದಿರಿ. ಎನ್ನೆಸ್ಸೆಸ್ ಅಂತ ಹೆಚ್ಚುಕಡಿಮೆ ತೀರ್ಮಾನ ಮಾಡಿದ್ದೀನಿ. ಆದರೆ ನಮ್ಮ ಕಾಲೇಜಲ್ಲಿ ಶನಿವಾರದ ಕೆಲಸ ಎಷ್ಟೋ ವಾರ ನಡೆಯೋದೇ ಇಲ್ವಂತೆ. ಅಂಥ ವಾರ ನಾನೊಬ್ಬಳೇ, ಯಾವ ಸಂಘ, ಬ್ಯಾನರ್ ಇಲ್ಲದೆ ಮಾಡಬಹುದಾದ್ದು ಏನಾದರೂ ಇದೆಯಾ? ಕಾಲೇಜಿನ ಒಳಗೇ ಆದರೆ ಇನ್ನೂ ಒಳ್ಳೇದು, ಬಸ್ಸಿನ ಚಿಂತೆ ಇರಲ್ಲ.

ಬಿಳಿಕೋಲು

ಇದೆ. ನಾನು ಎಂ.ಎ. ವಿದ್ಯಾರ್ಥಿ, ಕಣ್ಣು ಕಾಣಲ್ಲ. ಪ್ರತಿ ಸೆಮಿಸ್ಟರ್ ಪರೀಕ್ಷೆ ಬಂದಾಗಲೂ ನನ್ನ ದೊಡ್ಡ ತಲೆನೋವು ಸಿಲಬಸ್ ಅಲ್ಲ, ಸ್ಕ್ರೈಬ್. ನಾನು ಹೇಳಿದ್ದನ್ನು ಬರೆಯೋಕೆ ಒಬ್ಬರು ಬೇಕು. ಪರೀಕ್ಷಾರ್ಥಿಗಿಂತ ಓದಿನಲ್ಲಿ ಒಂದು ಹಂತ ಕೆಳಗಿನವರಾಗಿರಬೇಕು ಅನ್ನೋ ನಿಯಮ ಬಹಳ ಪರೀಕ್ಷೆಗಳಲ್ಲಿ ಇದೆ. ಹಾಗಾಗಿ ನನ್ನ ಓರಗೆಯ ಗೆಳೆಯರು ಬರೆಯೋ ಹಾಗಿಲ್ಲ, ಅವರಿಗೂ ಅದೇ ದಿನ ಪರೀಕ್ಷೆ ಬೇರೆ. ನಿಮ್ಮಂಥ ಡಿಗ್ರಿ ಮೊದಲ ವರ್ಷದವರನ್ನೇ ನಾವು ಹುಡುಕೋದು.

ಒಪ್ಪಿಕೊಳ್ಳೋ ಮೊದಲು ಕೆಲವು ವಿಷಯ ತಿಳ್ಕೊಳ್ಳಿ. ಗಂಟೆಗೆ ಕನಿಷ್ಠ 20 ನಿಮಿಷ ನಮಗೆ ಹೆಚ್ಚುವರಿ ಸಮಯ ಇರುತ್ತೆ, ಅಂದರೆ ಮೂರು ಗಂಟೆ ಪತ್ರಿಕೆಗೆ ನೀವು ನಾಲ್ಕು ಗಂಟೆ ಕೂತು ಬರೀಬೇಕು. ಕೈ ನೋಯುತ್ತೆ. ಸಂಜೆ ಪತ್ರಿಕೆಯಾದರೆ ನಿಮ್ಮ ಬಸ್ಸು ಹೋಗಿರುತ್ತೆ, ಆದ್ದರಿಂದ ಬೆಳಗಿನ ಪತ್ರಿಕೆಗಳಿಗೆ ಮಾತ್ರ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ಹಿಂದಿನ ರಾತ್ರಿ ಹತ್ತು ಗಂಟೆಗೆ ‘ಸಾರಿ ಅಣ್ಣಾ’ ಅಂತ ಮೆಸೇಜ್ ಬಂದರೆ ಆ ರಾತ್ರಿ ನಾನು ಓದೋದು ಬಿಟ್ಟು ಫೋನ್ ಮಾಡ್ತಾ ಕೂರ್ತೀನಿ.

ಒಳಗೆ ಕೂತ ಮೇಲೆ, ಪ್ರಶ್ನೆಪತ್ರಿಕೆ ಪೂರ್ತಿ ಒಮ್ಮೆ ಓದಿಬಿಡಿ, ಯಾವುದಕ್ಕೆ ಎಷ್ಟು ಅಂಕ ಅನ್ನೋದೂ ಸೇರಿಸಿ. ‘ಯಾವುದಾದರೂ ಎರಡಕ್ಕೆ ಉತ್ತರಿಸಿ’ ಅನ್ನೋ ಸಾಲನ್ನು ಹಾರಿಸೋರೇ ಜಾಸ್ತಿ. ಕಾಣೋರಿಗೆ ಅದು ಕಣ್ಣಿಗೆ ಬಿದ್ದುಬಿಡುತ್ತೆ, ನನಗೆ ನೀವು ಹೇಳದಿದ್ದರೆ ಅದು ಇಲ್ಲವೇ ಇಲ್ಲ. ಹೆಸರುಗಳು, ಗೊತ್ತಿಲ್ಲದ ಪದಗಳು ಬಂದರೆ ಕಾಗುಣಿತ ಕೇಳಿ, ಊಹಿಸಬೇಡಿ. ನಾನು ತಪ್ಪು ಹೇಳ್ತಿದ್ದೀನಿ ಅಂತ ನಿಮಗನ್ನಿಸಿದರೂ ನಾನು ಹೇಳಿದ್ದನ್ನೇ ಬರೀರಿ, ಅದು ನನ್ನ ಪರೀಕ್ಷೆ. ಒಬ್ಬ ಹುಡುಗ ಒಳ್ಳೇ ಮನಸ್ಸಿನಿಂದಲೇ ನನ್ನ ವಾಕ್ಯಗಳನ್ನು ‘ಚೆನ್ನಾಗಿ’ ಮಾಡಿ ಬರೀತಿದ್ದ, ಓದಿ ಹೇಳು ಅಂದಾಗ ಗೊತ್ತಾಯಿತು. ನಡುನಡುವೆ ‘ಪುಟ ಮುಗೀತಾ ಬಂತು’, ‘ಇನ್ನು ನಲವತ್ತು ನಿಮಿಷ ಇದೆ’ ಅಂತ ಹೇಳ್ತಾ ಇದ್ದರೆ ಬಹಳ ಉಪಕಾರ. ಪರೀಕ್ಷೆಗೆ ಒಂದೆರಡು ದಿನ ಮೊದಲೇ ಭೇಟಿಯಾಗಿ ಅರ್ಧ ಗಂಟೆ ಬರೆದು ನೋಡೋಣ. ನನ್ನ ವೇಗ ನಿಮಗೆ, ನಿಮ್ಮ ಓದು ನನಗೆ ಹೊಂದಬೇಕಲ್ಲ.

ಇನ್ನೊಂದು ಕೆಲಸಕ್ಕೆ ಬಸ್ಸಿನ ಚಿಂತೆಯೇ ಇಲ್ಲ: ಪಠ್ಯ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸೋದು. ಮುದ್ರಿತ ಕನ್ನಡ ನೋಟ್ಸ್ ಸ್ಕ್ಯಾನ್ ಮಾಡಿದರೆ ಸ್ಕ್ರೀನ್ ರೀಡರ್ (ಪರದೆ ಮೇಲಿರೋದನ್ನು ಓದಿ ಹೇಳೋ ತಂತ್ರಾಂಶ) ಎಷ್ಟೋ ಕಡೆ ಒತ್ತಕ್ಷರ ನುಂಗಿಬಿಡುತ್ತೆ, ಕೈಬರಹ ಆದರೆ ಕೇಳೋದೇ ಬೇಡ. ನೀವು ಕಾಮರ್ಸ್ ಆದ್ದರಿಂದ ನಿಮ್ಮ ಕಾಲೇಜಿನ ಅಂಧ ಬಿ.ಕಾಂ. ವಿದ್ಯಾರ್ಥಿಗಳಿಗೆ ನೀವು ಚಿನ್ನ. ಜಮಾ-ಖರ್ಚಿನ ಪಟ್ಟಿಯನ್ನು ಯಂತ್ರ ಎಡದಿಂದ ಬಲಕ್ಕೆ ಒಂದೇ ಉಸಿರಲ್ಲಿ ಓದಿದರೆ ಯಾವ ಅಂಕಿ ಯಾವ ಬದಿಯದ್ದು ಅಂತ ದೇವರಿಗೂ ಗೊತ್ತಾಗಲ್ಲ. ‘ಡೆಬಿಟ್ ಬದಿ, ಮೊದಲ ಸಾಲು, ಆರಂಭದ ದಾಸ್ತಾನು, ಇಷ್ಟು ರೂಪಾಯಿ’ ಅಂತ ಗೊತ್ತಿದ್ದೋರು ಬಿಡಿಸಿ ಓದಬೇಕು. ಒಂದು ಫೈಲಿಗೆ ಒಂದೇ ಅಧ್ಯಾಯ, ಶುರುವಿನಲ್ಲಿ ಅಧ್ಯಾಯದ ಹೆಸರು, ಪುಟ ಬದಲಾದಾಗ ಪುಟಸಂಖ್ಯೆ. ಭಾವ ತುಂಬಿ ಓದೋದು ಬೇಕಿಲ್ಲ.

ಹಾಗೇ, ಕಾರಿಡಾರಿನಲ್ಲಿ ಸಿಕ್ಕರೆ ನಿಮ್ಮ ಹೆಸರು ಹೇಳಿ ಮಾತಾಡಿಸಿ. ‘ನಾನು ಯಾರು ಹೇಳಿ ನೋಡೋಣ’ ಆಟ ನಮಗೆ ಸಾಕಾಗಿದೆ.

ಫಲಿತಾಂಶ_ಮುಖ್ಯ

ಜಮಾ-ಖರ್ಚು ಓದಿ ರೆಕಾರ್ಡ್ ಮಾಡೋದಾದರೆ ನಾನೂ ಮಾಡಬಹುದು ಅನಿಸುತ್ತೆ. ಕೆಲಸ ಮುಗಿಸಿ ರಾತ್ರಿ ಕೂತು ಮಾಡಬಹುದಲ್ವಾ? ಯಾರನ್ನು ಕೇಳಬೇಕು?

ಬಿಳಿಕೋಲು

ಧಾರಾಳವಾಗಿ. ನೀವು ಓದಿದ ಕಾಲೇಜಿಗೇ ಫೋನ್ ಮಾಡಿ, ಅಂಧ ವಿದ್ಯಾರ್ಥಿಗಳು ಇದ್ದಾರಾ, ಅವರ ಜೊತೆ ಮಾತಾಡಬಹುದಾ ಅಂತ ಕೇಳಿ. ಯಾವ ಪುಸ್ತಕ ಬೇಕು ಅಂತ ಅವರೇ ಹೇಳಲಿ, ನೀವೇ ಆರಿಸಿಕೊಂಡು ಓದಬೇಡಿ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡಿ.

ಹಾಜರಿಪುಸ್ತಕ

ಬಿಳಿಕೋಲು ಅವರ ಮಾತು ಕೇಳಿದ ಮೇಲೆ ಶನಿವಾರ ಕೆಲಸ ಇಲ್ಲ ಅನ್ನೋ ಘಟಕದವರಿಗೆ ಏನು ಹೇಳೋದೋ. ತಂಗಿ, ಇದನ್ನೇ ನಿಮ್ಮ ಪಿಒ ಮುಂದೆ ಇಡಿ. ಪರೀಕ್ಷೆಗೆ ಮುಂಚೆ ಸ್ಕ್ರೈಬ್ ಪಟ್ಟಿ ಒಂದು ಮಾಡೋಣ, ಯಾರು ಯಾವ ದಿನ ಬಿಡುವು, ಕನ್ನಡದಲ್ಲಿ ಬರೆಯೋರು ಯಾರು, ಇಂಗ್ಲಿಷಿನಲ್ಲಿ ಯಾರು, ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಬದಲಿ ಯಾರು ಅಂತ. ಇದಕ್ಕೆ ಮೈಕೂ ಬೇಡ, ದುಡ್ಡೂ ಬೇಡ, ಒಂದು ನೋಟ್‌ಬುಕ್ ಮತ್ತು ಹತ್ತಾರು ಫೋನ್ ಕಾಲ್ ಸಾಕು. ಬದಲಿ ಯಾರು ಅನ್ನೋ ಕಾಲಂ ಮಾತ್ರ ಖಾಲಿ ಬಿಡಬೇಡಿ.

ಸೇರಿದ ಮೇಲೆ ಸ್ವಯಂಸೇವಕರ ದಿನಚರಿ ಪುಸ್ತಕ ಕೊಡ್ತಾರೆ, ಕೊಡದಿದ್ದರೆ ನೀವೇ ಒಂದು ಇಟ್ಟುಕೊಳ್ಳಿ. ‘ಸ್ವಚ್ಛತಾ ಕಾರ್ಯಕ್ರಮದಲ್ಲಿ ಭಾಗವಹಿಸಿ ಸಂತೋಷವಾಯಿತು’ ಅಂತ ಬರೀಬೇಡಿ, ಎಲ್ಲರೂ ಅದನ್ನೇ ಬರೀತಾರೆ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗೀತು, ಏನು ಕೆಲಸ, ಏನು ಅರ್ಧಕ್ಕೆ ನಿಂತಿತು, ಅದಕ್ಕೆ ಮುಂದೆ ಯಾರನ್ನು ಕೇಳಬೇಕು. ಅದೇ ದಿನ ಸಹಿ ಮಾಡಿಸ್ಕೊಳ್ಳಿ. ಎರಡನೇ ವರ್ಷದ ಕೊನೆಗೆ 240 ಗಂಟೆ ಲೆಕ್ಕ ಕೇಳಿದಾಗ ಹಳೇ ತಾರೀಕು ನೆನಪಿಸಿಕೊಂಡು ಬರೆಯೋರ ಗುಂಪು ಎನ್ನೆಸ್ಸೆಸ್ ಕೋಣೆ ಮುಂದೆ ಸೇರಿರುತ್ತೆ, ನೀವು ಅದರಲ್ಲಿ ಇರಲ್ಲ.

ಶಿಬಿರದ ಊರು ನಿಗದಿಯಾದ ಕೂಡಲೇ ಇಲ್ಲಿ ಒಂದು ಸಾಲು ಬರೀರಿ. ನಮ್ಮ ಸಮೀಕ್ಷೆಯ ಫಾರಂ ಇನ್ನೂ ನನ್ನ ಹತ್ತಿರ ಇದೆ, ಫೋಟೋ ತೆಗೆದು ಹಾಕ್ತೀನಿ. ಅದರಲ್ಲಿ ‘ಮನೆಯಲ್ಲಿ ಎಷ್ಟು ಜನ’ ಅನ್ನೋ ಪ್ರಶ್ನೆ ಮೊದಲಿಗಿದೆ, ಅದನ್ನು ಕೊನೆಗೆ ಹಾಕ್ಕೊಳ್ಳಿ. ಬಾಗಿಲಲ್ಲಿ ನಿಂತು ಅದನ್ನೇ ಮೊದಲು ಕೇಳಿದರೆ ರೇಷನ್ ಕಾರ್ಡು ರದ್ದು ಮಾಡೋಕೆ ಬಂದವರು ಅಂದುಕೊಂಡು ಜನ ಬಾಯೇ ಬಿಡಲ್ಲ.